ನೂರೈದರ ಮಗ್ಗಿ



ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಸುದ್ದಿಯೊಂದಿದೆ. ಜಗತ್ತಿನ ಅತಿ ದುಬಾರಿ ನಗರ ಯಾವುದು, ಅತಿ ಅಗ್ಗದ ನಗರ ಯಾವುದು ಎಂಬ ಪಟ್ಟಿ ಅದು. ಮರ್ಸರ್ ಎಂಬ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಹಾಂಗ್‌ಕಾಂಗ್ ಮೊದಲನೆಯದು, ಸಿಂಗಪುರ ಎರಡನೆಯದು, ಜ್ಯೂರಿಕ್ ಮೂರನೆಯದು, ಲಂಡನ್ ಎಂಟನೆಯದು. ಒಟ್ಟು 226 ನಗರಗಳ ಆ ಸಾಲಿನಲ್ಲಿ ನಮ್ಮ ಬೆಂಗಳೂರಿಗೆ ದೊರೆತದ್ದು 195ನೆಯ ಸ್ಥಾನ. ಅಂದರೆ ಬೆಂಗಳೂರು ಜಗತ್ತಿನ ಅಗ್ಗದ ನಗರಗಳಲ್ಲೊಂದು! ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟು ಅಲ್ಲಿ ಎರಡು ಕೋಣೆಗಳ ಮನೆ ಹಿಡಿದಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದೆ. "ಮೇಷ್ಟ್ರೇ, ಆ ಪಟ್ಟಿ ಮಾಡಿದವರಿಗೆ ನನ್ನ ಸಂಬಳದಲ್ಲಿ ಒಂದು ತಿಂಗಳು ಇಲ್ಲಿ ಸಂಸಾರ ನಡೆಸಲು ಹೇಳಿ" ಎಂದ.

ಮಾತು ಸಿಡುಕಿನದಾದರೂ ಅದರಲ್ಲಿ ಅರ್ಥಶಾಸ್ತ್ರದ ತಿರುಳೇ ಅಡಗಿದೆ. ಒಂದು ಊರು ದುಬಾರಿಯೋ ಅಗ್ಗವೋ ಎಂದು ಹೇಳುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ಚೀಲ ಯಾರದು? ಚೀಲ ತುಂಬಿಸುವ ಹಣ ಎಲ್ಲಿ ದುಡಿದದ್ದು?

ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಸಮಾಜ ವಿಜ್ಞಾನವನ್ನು ಬೋಧಿಸಿದವನು ನಾನು. ಬೆಲೆಗಳ ಪಾಠ ಬಂದಾಗಲೆಲ್ಲ ಸಂತೆಯ ಚೀಲವೊಂದನ್ನು ತರಗತಿಗೆ ಒಯ್ಯುತ್ತಿದ್ದೆ. ಅಕ್ಕಿ, ಬೇಳೆ, ಎಣ್ಣೆ, ಸೋಪು, ಬಟ್ಟೆ, ಬಸ್ಸಿನ ಚೀಟಿ ಹೀಗೆ ಒಂದು ಮನೆಗೆ ಬೇಕಾದದ್ದನ್ನೆಲ್ಲ ಆ ಚೀಲದಲ್ಲಿ ಕಲ್ಪಿಸಿಕೊಳ್ಳಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಅದೇ ಚೀಲವನ್ನು ಕಳೆದ ವರ್ಷದ ಸಂತೆಗೂ ಈ ವರ್ಷದ ಸಂತೆಗೂ ಒಯ್ದರೆ ಅದು ಕಾಲದ ಹೋಲಿಕೆ. ಸರ್ಕಾರಿ ನೌಕರರ ತುಟ್ಟಿಭತ್ಯೆ ನಿಂತಿರುವುದು ಇಂತಹ ಲೆಕ್ಕದ ಮೇಲೆಯೇ. ಅದೇ ಚೀಲವನ್ನು ಒಂದೇ ದಿನ ನಮ್ಮ ಸಾಗರದ ಸಂತೆಗೂ ಲಂಡನ್ನಿನ ಅಂಗಡಿಗೂ ಒಯ್ದರೆ ಅದು ಸ್ಥಳದ ಹೋಲಿಕೆ. ಎರಡನೆಯದು ಮೊದಲನೆಯದಕ್ಕಿಂತ ಕಠಿಣ. ಸಾಗರದವನ ಚೀಲವೇ ಬೇರೆ, ಲಂಡನ್ನಿನವನ ಚೀಲವೇ ಬೇರೆ.

ಮರ್ಸರ್ ಸಂಸ್ಥೆಯ ಚೀಲದಲ್ಲಿ ಇನ್ನೂರಕ್ಕೂ ಹೆಚ್ಚು ವಸ್ತುಗಳೂ ಸೇವೆಗಳೂ ಇವೆ. ನ್ಯೂಯಾರ್ಕ್ ನಗರವನ್ನು ಅಳತೆಗೋಲಾಗಿ ಇಟ್ಟುಕೊಂಡು ಉಳಿದ ನಗರಗಳನ್ನು ಅದಕ್ಕೆ ಹೋಲಿಸುತ್ತಾರೆ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಅಧಿಕಾರಿಗಳನ್ನು ಪರದೇಶಗಳಿಗೆ ಕಳುಹಿಸುವಾಗ ಎಷ್ಟು ಭತ್ಯೆ ಕೊಡಬೇಕೆಂದು ನಿರ್ಧರಿಸಲು ಈ ಪಟ್ಟಿ ಹುಟ್ಟಿತು. ಆದ್ದರಿಂದ ಅದು ಪರದೇಶಕ್ಕೆ ಹೋದ ಅಧಿಕಾರಿಯ ಚೀಲವೇ ಹೊರತು ಆ ಊರಿನ ನಿವಾಸಿಯ ಚೀಲವಲ್ಲ. ಪಟ್ಟಿಯಲ್ಲಿ ಸುಳ್ಳಿಲ್ಲ. ಓದುವ ನಾವು ಅದನ್ನು ಎಲ್ಲರ ಬದುಕಿಗೂ ಅನ್ವಯಿಸಿಬಿಡುತ್ತೇವೆ, ಅಷ್ಟೆ.

ಇದಕ್ಕೆ ಸಿಂಗಪುರಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. 2014ರಲ್ಲಿ ಎಕನಾಮಿಸ್ಟ್ ಬಳಗದ ಸಮೀಕ್ಷೆಯೊಂದು ಸಿಂಗಪುರವನ್ನು ಮೊದಲ ಬಾರಿಗೆ ಜಗತ್ತಿನ ಅತಿ ದುಬಾರಿ ನಗರವೆಂದು ಸಾರಿತು. ಆಗ ಅಲ್ಲಿನ ಹಣಕಾಸು ಸಚಿವರಾಗಿದ್ದ, 2023ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ಥರ್ಮನ್ ಷಣ್ಮುಗರತ್ನಂ ಅವರು ಸಂಸತ್ತಿನಲ್ಲಿ ಆ ಚೀಲವನ್ನೇ ಬಿಚ್ಚಿ ತೋರಿಸಿದರು. ಆಮದು ಮಾಡಿಕೊಂಡ ಚೀಸು, ದುಬಾರಿ ಮಳೆಯಂಗಿ, ವಿದೇಶಿ ದಿನಪತ್ರಿಕೆ, ರಂಗಮಂದಿರದ ಅತ್ಯುತ್ತಮ ಆಸನಗಳು ಅದರಲ್ಲಿದ್ದವು. ಸಾಮಾನ್ಯ ಸಿಂಗಪುರದವನ ದಿನಚರಿ ಹಾಗಿಲ್ಲ. ಅಲ್ಲಿನ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಸರ್ಕಾರದ ವಸತಿ ಮಂಡಳಿ ಕಟ್ಟಿದ ಮನೆಗಳಲ್ಲಿ ಇರುತ್ತಾರೆ. ಅವರು ಊಟ ಮಾಡುವುದು ಹಾಕರ್ ಸೆಂಟರ್ ಎಂಬ ಸಾಲು ಮಳಿಗೆಗಳ ಅಂಗಳದಲ್ಲಿ. 2020ರಲ್ಲಿ ಯುನೆಸ್ಕೋ ಆ ಊಟದ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಓಡಾಡುವುದು ರೈಲಿನಲ್ಲಿ, ಬಸ್ಸಿನಲ್ಲಿ. ಆದರೆ ಅದೇ ಊರಿನಲ್ಲಿ ಕಾರು ಕೊಳ್ಳಹೊರಟರೆ ಕತೆಯೇ ಬೇರೆ. ಕಾರಿನ ಬೆಲೆಯಲ್ಲದೆ, ಅದನ್ನು ಹತ್ತು ವರ್ಷ ಇಟ್ಟುಕೊಳ್ಳುವ ಹಕ್ಕುಪತ್ರವನ್ನು ಹರಾಜಿನಲ್ಲಿ ಬೇರೆ ಪಡೆಯಬೇಕು. 2023ರ ಅಕ್ಟೋಬರಿನಲ್ಲಿ ದೊಡ್ಡ ಕಾರುಗಳ ಹಕ್ಕುಪತ್ರವೊಂದರ ಬೆಲೆ 1,50,001 ಸಿಂಗಪುರ ಡಾಲರಿಗೆ ಏರಿತ್ತು. ನಮ್ಮ ಹಣದಲ್ಲಿ ತೊಂಬತ್ತು ಲಕ್ಷ ರೂಪಾಯಿಗಳಷ್ಟು! ಕಾರುಳ್ಳವನ ಸಿಂಗಪುರ ಒಂದು, ಬಸ್ಸಿನವನ ಸಿಂಗಪುರ ಮತ್ತೊಂದು.

ಹಾಗಾದರೆ ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯಾಗಿ ಸಿಗುವ ವಸ್ತುವನ್ನು ಹಿಡಿದು ಅಳೆದರೆ ಹೇಗೆ? ಎಕನಾಮಿಸ್ಟ್ ಪತ್ರಿಕೆ 1986ರಲ್ಲಿ ಹಾಸ್ಯಕ್ಕೆಂಬಂತೆ ಹಾಗೆ ಮಾಡಿತು. ಮೆಕ್‌ಡೊನಾಲ್ಡ್ಸ್ ಅಂಗಡಿಯ ಬಿಗ್ ಮ್ಯಾಕ್ ಎಂಬ ತಿನಿಸಿನ ಬೆಲೆಯನ್ನು ದೇಶದೇಶಗಳಲ್ಲಿ ಹೋಲಿಸಿತು. ಹಾಸ್ಯಕ್ಕೆ ಹುಟ್ಟಿದ ಆ ಸೂಚ್ಯಂಕ ಇಂದು ಪಠ್ಯಪುಸ್ತಕಗಳನ್ನು ಸೇರಿದೆ. ನಮ್ಮ ದೇಶದಲ್ಲಿ ಅದಕ್ಕೂ ತೊಡಕು ಬಂತು. ಗೋಮಾಂಸದ ಬಿಗ್ ಮ್ಯಾಕ್ ಇಲ್ಲಿ ಮಾರುವುದಿಲ್ಲವಾದ್ದರಿಂದ ಕೋಳಿಮಾಂಸದ ಮಹಾರಾಜ ಮ್ಯಾಕನ್ನು ಲೆಕ್ಕಕ್ಕೆ ತೆಗೆದುಕೊಂಡರು. ಒಂದು ತಿನಿಸಿನಲ್ಲಿಯೇ ಇಷ್ಟು ತೊಡಕಿದ್ದರೆ ಇಡೀ ಸಂಸಾರವನ್ನು ಹೋಲಿಸುವುದು ಸುಲಭವೇ?

ಈ ಕಠಿಣ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತ ಬಂದಿರುವ ಒಂದು ಕಾರ್ಯಕ್ರಮವಿದೆ. 1968ರಲ್ಲಿ ವಿಶ್ವಸಂಸ್ಥೆ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಕೂಡಿ ಆರಂಭಿಸಿದ ಅದು ಈಗ ವಿಶ್ವಬ್ಯಾಂಕಿನ ಆಶ್ರಯದಲ್ಲಿ ನಡೆಯುತ್ತಿದೆ. ಒಂದು ಡಾಲರ್ ಅಮೆರಿಕದಲ್ಲಿ ಏನನ್ನು ಕೊಳ್ಳುತ್ತದೆಯೋ ಅದನ್ನು ಭಾರತದಲ್ಲಿ ಕೊಳ್ಳಲು ಎಷ್ಟು ರೂಪಾಯಿ ಬೇಕು ಎಂಬುದೇ ಅದರ ಪ್ರಶ್ನೆ. 2017ರ ಲೆಕ್ಕದ ಪ್ರಕಾರ 20.65 ರೂಪಾಯಿ ಸಾಕಾಗಿತ್ತು. ಆ ವರ್ಷ ಬ್ಯಾಂಕಿನಲ್ಲಿ ಡಾಲರಿನ ವಿನಿಮಯ ದರವಾದರೋ 65.12 ರೂಪಾಯಿ. ಅಂದರೆ ವಿನಿಮಯ ದರದಿಂದ ಗುಣಿಸಿದಾಗ ಅಮೆರಿಕದ ಸಂಬಳ ಅಲ್ಲಿನ ಬದುಕಿನಲ್ಲಿ ಅದಕ್ಕಿರುವ ಬಲಕ್ಕಿಂತ ಮೂರು ಪಟ್ಟಿಗೂ ಮಿಗಿಲಾಗಿ ನಮ್ಮ ಕಣ್ಣಿಗೆ ಉಬ್ಬಿ ಕಾಣುತ್ತದೆ.

ಏಕೆ ಹೀಗೆ? ಇದಕ್ಕೆ ಬಲಾಸ್ಸಾ ಮತ್ತು ಸ್ಯಾಮ್ಯುಯೆಲ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1964ರಲ್ಲಿ ಕೊಟ್ಟ ವಿವರಣೆಯನ್ನು ನಾನು ಕ್ಷೌರದ ಉದಾಹರಣೆಯಿಂದ ಹೇಳುತ್ತಿದ್ದೆ. ಗೋಧಿಯನ್ನು ಹಡಗಿನಲ್ಲಿ ಕಳುಹಿಸಬಹುದು. ಆದ್ದರಿಂದ ಅದರ ಬೆಲೆ ದೇಶದೇಶಗಳ ನಡುವೆ ಅಷ್ಟಾಗಿ ಭಿನ್ನವಾಗದು. ಕ್ಷೌರವನ್ನು ಹಡಗಿಗೇರಿಸಲಾಗದು. ಲಂಡನ್ನಿನ ಕ್ಷೌರಿಕನೂ ಸಾಗರದ ಕ್ಷೌರಿಕನೂ ಒಂದು ತಲೆಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತಾರೆ. ಆದರೆ ಲಂಡನ್ನಿನಲ್ಲಿ ಯಂತ್ರಗಳೂ ಬಂಡವಾಳವೂ ಸೇರಿ ಉಳಿದ ಉದ್ಯೋಗಗಳ ಕೂಲಿಯನ್ನು ಏರಿಸಿವೆ. ಕ್ಷೌರಿಕನಿಗೂ ಅದಕ್ಕೆ ಸರಿಗಟ್ಟುವಷ್ಟು ಕೊಡದಿದ್ದರೆ ಅವನು ಕತ್ತರಿ ಕೆಳಗಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾನೆ. ಶ್ರೀಮಂತ ದೇಶಗಳಲ್ಲಿ ಮನುಷ್ಯನ ಕೈ ತಾಗಿದ ಸೇವೆಯೆಲ್ಲ ದುಬಾರಿಯಾಗಿರುವುದು ಇದರಿಂದಲೇ.

ಪಾಠ ಹೇಳಿದ ಈ ವಿಷಯವನ್ನು ಕಣ್ಣಾರೆ ಕಾಣುವ ಅವಕಾಶ 2024ರ ಬೇಸಿಗೆಯಲ್ಲಿ ಒದಗಿತು. ಲಂಡನ್ನಿನ ಹ್ಯಾರೋ ಭಾಗದಲ್ಲಿರುವ ಮಗಳ ಮನೆಗೆ ನಾನೂ ನನ್ನ ಶ್ರೀಮತಿಯೂ ಹೋಗಿ ಎರಡು ತಿಂಗಳು ಇದ್ದೆವು. ಆಗ ಒಂದು ಪೌಂಡಿಗೆ ಸುಮಾರು ನೂರೈದು ರೂಪಾಯಿ. ನನ್ನಾಕೆ ವಿಮಾನದಿಂದ ಇಳಿದ ದಿನದಿಂದಲೇ ನೂರೈದರ ಮಗ್ಗಿಯನ್ನು ಶುರು ಮಾಡಿದಳು. ಕೊತ್ತಂಬರಿ ಸೊಪ್ಪಿನ ಒಂದು ಕಟ್ಟಿಗೆ ಎಂಬತ್ತು ಪೆನ್ಸ್ ಎಂದರೆ "ಅಯ್ಯೋ, ಎಂಬತ್ತನಾಲ್ಕು ರೂಪಾಯಿ!" ಎಂದು ಅದನ್ನು ಇದ್ದಲ್ಲಿಯೇ ಇಟ್ಟುಬಿಡುವಳು. ನನ್ನ ಕ್ಷೌರಕ್ಕೆ ಹದಿನೈದು ಪೌಂಡ್ ಎಂದು ಕೇಳಿದಾಗ, ಊರಿನಲ್ಲಿ ನೂರು ರೂಪಾಯಿಗೆ ಆಗುವ ಕೆಲಸಕ್ಕೆ 1,575 ರೂಪಾಯಿ ಕೊಡುವ ಬದಲು ಜಟೆ ಬಿಟ್ಟುಕೊಂಡೇ ಹಿಂದಿರುಗೋಣ ಎಂದು ತೀರ್ಪು ಕೊಟ್ಟಳು. ಕಡೆಗೆ ಮಗಳೇ, "ಅಮ್ಮಾ, ಇಲ್ಲಿರುವಷ್ಟು ದಿನ ಆ ಮಗ್ಗಿ ಮರೆತುಬಿಡು. ಇಲ್ಲದಿದ್ದರೆ ಊಟ ಗಂಟಲಲ್ಲಿ ಇಳಿಯುವುದಿಲ್ಲ" ಎಂದಳು.

ಆದರೂ ಎಲ್ಲವೂ ದುಬಾರಿಯಾಗಿರಲಿಲ್ಲ. ನಾಲ್ಕು ಪೈಂಟ್, ಅಂದರೆ ಎರಡೂಕಾಲು ಲೀಟರಿಗೆ ತುಸು ಮೇಲ್ಪಟ್ಟ ಹಾಲಿನ ಡಬ್ಬಿಗೆ 1.45 ಪೌಂಡ್. ಲೀಟರಿಗೆ ಅರವತ್ತೇಳು ರೂಪಾಯಿ ಬಿದ್ದಂತಾಯಿತು. ಊರಿನಲ್ಲಿ ನಲವತ್ತೆರಡರ ಆಸುಪಾಸು. ಕ್ಷೌರಕ್ಕೆ ಹದಿನೈದು ಪಟ್ಟು ಅಂತರವಿದ್ದರೆ ಹಾಲಿಗೆ ಒಂದೂವರೆ ಪಟ್ಟು ಮಾತ್ರ! 1.75 ಪೌಂಡಿನ ಒಂದು ಬಸ್ ಚೀಟಿಯಲ್ಲಿ ಒಂದು ಗಂಟೆಯೊಳಗೆ ಎಷ್ಟು ಬಸ್ಸುಗಳನ್ನಾದರೂ ಹತ್ತಬಹುದಿತ್ತು. ಬ್ರಿಟಿಷ್ ಮ್ಯೂಸಿಯಂನಂತಹ ಸಂಗ್ರಹಾಲಯವನ್ನು ಬಿಡಿಕಾಸು ಕೊಡದೆ ದಿನವಿಡೀ ನೋಡಿ ಬಂದೆವು. ಇತ್ತ ನಮ್ಮ ರಾಜ್ಯದಲ್ಲಿ 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನಾಕೆಗೆ ಸಾಗರದಿಂದ ಶಿವಮೊಗ್ಗಕ್ಕೆ ಸರ್ಕಾರಿ ಬಸ್ಸಿನ ಖರ್ಚು ಸೊನ್ನೆ. ಸೊನ್ನೆಯನ್ನು ಯಾವ ದರದಿಂದ ಗುಣಿಸಿದರೂ ಸೊನ್ನೆಯೇ ತಾನೆ? ಸಮಾಜವು ಒಟ್ಟಾಗಿ ಕೊಡುವ ವಸ್ತುಗಳು ಬೆಲೆಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಅಲ್ಲಿದ್ದಾಗ ಇನ್ನೊಂದು ಬಗೆಯ ಲೆಕ್ಕವನ್ನು ಮಾಡಿ ನೋಡಿದೆ. ಸ್ವಿಟ್ಜರ್ಲೆಂಡಿನ ಯುಬಿಎಸ್ ಬ್ಯಾಂಕು 1970ರ ದಶಕದಿಂದ ಪ್ರಕಟಿಸುತ್ತ ಬಂದ ವರದಿಗಳಲ್ಲಿ ಬೆಲೆಯನ್ನು ಹಣದಲ್ಲಿ ಹೇಳುವುದರ ಜೊತೆಗೆ ದುಡಿಮೆಯ ನಿಮಿಷಗಳಲ್ಲಿಯೂ ಹೇಳುತ್ತಿದ್ದರು. ಒಂದು ಕಿಲೋ ಅಕ್ಕಿಗೆ ಈ ಊರಿನವನು ಎಷ್ಟು ನಿಮಿಷ ದುಡಿಯಬೇಕು, ಆ ಊರಿನವನು ಎಷ್ಟು ನಿಮಿಷ? ಇದರಲ್ಲಿ ವಿನಿಮಯ ದರದ ಗೊಡವೆಯೇ ಇಲ್ಲ. 2024ರ ಏಪ್ರಿಲಿನಿಂದ ಬ್ರಿಟನ್ನಿನಲ್ಲಿ ವಯಸ್ಕ ಕಾರ್ಮಿಕರ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡ್ ಇತ್ತು. ಆ ಕೂಲಿಯವನು ಒಂದು ಲೀಟರ್ ಹಾಲಿಗೆ ಮೂರೂವರೆ ನಿಮಿಷ ದುಡಿದರೆ ಸಾಕು. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 349 ರೂಪಾಯಿ. ಎಂಟು ತಾಸಿನ ದಿನವೆಂದು ಹಿಡಿದರೆ ನಮ್ಮ ಕೂಲಿಕಾರ್ಮಿಕಳು ಒಂದು ಲೀಟರ್ ಹಾಲಿಗೆ ಹತ್ತಿರ ಹತ್ತಿರ ಒಂದು ತಾಸು ದುಡಿಯಬೇಕು. ಎರಡು ಬಗೆಯ ಕೂಲಿಗಳ ಈ ಹೋಲಿಕೆ ತಕ್ಕಡಿಯಲ್ಲಿಟ್ಟಷ್ಟು ಸಮವಲ್ಲದಿರಬಹುದು. ಆದರೆ 'ಅಗ್ಗದ ಊರು' ಎಂಬ ಮಾತು ಅವಳ ಮುಂದೆ ಎಷ್ಟು ನಿಷ್ಠುರವಾಗಿ ಕೇಳುತ್ತದೆ ಯೋಚಿಸಿ. ಪೌಂಡನ್ನು ಹೊತ್ತು ತಂದವನಿಗೆ ನಮ್ಮ ಊರು ಅಗ್ಗ; ಇಲ್ಲಿಯೇ ದುಡಿದು ಇಲ್ಲಿಯೇ ಉಣ್ಣುವವಳಿಗೆ ಅಲ್ಲ.

ಲಂಡನ್ನಿನ ಕಾರ್ಮಿಕನೂ ಸುಖಿಯೆಂದು ತಿಳಿಯಬೇಡಿ. ಅದೇ ಕನಿಷ್ಠ ಕೂಲಿಯಲ್ಲಿ ವಾರಕ್ಕೆ ನಲವತ್ತು ಗಂಟೆ ದುಡಿದರೆ ತಿಂಗಳಿಗೆ, ತೆರಿಗೆಗೆ ಮುನ್ನ, 1,983 ಪೌಂಡ್ ಬರುತ್ತದೆ. 2024ರಲ್ಲಿ ಲಂಡನ್ನಿನ ಸರಾಸರಿ ಮನೆಬಾಡಿಗೆಯೇ 2,000 ಪೌಂಡ್ ದಾಟಿತ್ತು. ಹಾಲಿಗೆ ಮೂರೂವರೆ ನಿಮಿಷ. ಸೂರಿಗೆ ಇಡೀ ತಿಂಗಳು! ಆದ್ದರಿಂದಲೇ ಅಲ್ಲಿ ಒಂದೇ ಮನೆಯನ್ನು ನಾಲ್ಕೈದು ಮಂದಿ ಹಂಚಿಕೊಂಡು ಬದುಕುತ್ತಾರೆ.

ಇಷ್ಟೆಲ್ಲ ಲೆಕ್ಕ ಬರಿಯ ಕುತೂಹಲಕ್ಕೆ ಎಂದುಕೊಳ್ಳಬೇಡಿ. ನಾವು ಊರಿಗೆ ಮರಳಿದ ಮೇಲೆ, 2024ರ ನವೆಂಬರಿನಲ್ಲಿ, ಇದು ಎರಡು ಮನೆಗಳ ನಡುವಿನ ಪ್ರಶ್ನೆಯಾಗಿ ನನ್ನ ಜಗಲಿಗೆ ಬಂತು. ಅಣ್ಣತಮ್ಮಂದಿರಿಬ್ಬರೂ ನನ್ನ ಹಳೆಯ ವಿದ್ಯಾರ್ಥಿಗಳು, ಹೆಸರು ಬೇಡ. ಅಣ್ಣ ಲಂಡನ್ನಿನಲ್ಲಿ ಉದ್ಯೋಗಿ. ತಮ್ಮನಿಗೆ ಇಲ್ಲಿ ಒಂದು ಜೆರಾಕ್ಸ್ ಅಂಗಡಿ. ಅವರ ತಾಯಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಖರ್ಚು ಎರಡೂವರೆ ಲಕ್ಷ ರೂಪಾಯಿ. ಸದ್ಯಕ್ಕೆ ತಮ್ಮ ಸಾಲ ಮಾಡಿ ಕಟ್ಟಿದ್ದ. ಅಣ್ಣ ಐವತ್ತು ಸಾವಿರ ಕಳುಹಿಸಿ, ಉಳಿದದ್ದಕ್ಕೆ ಸ್ವಲ್ಪ ಕಾಲಾವಕಾಶ ಕೇಳಿದ್ದ. ಅಲ್ಲಿಗೆ ಮಾತು ಕೆಟ್ಟಿತು. ಮೂರು ವಾರದಿಂದ ಒಬ್ಬರೊಡನೊಬ್ಬರು ಮಾತಿಲ್ಲ ಎಂದು ಆ ತಾಯಿ ನನ್ನ ಶ್ರೀಮತಿಯ ಬಳಿ ಕಣ್ಣೀರಿಟ್ಟರಂತೆ.

ತಮ್ಮನನ್ನು ಕರೆದು ಕೂರಿಸಿಕೊಂಡೆ. "ಮೇಷ್ಟ್ರೇ, ಅಣ್ಣನ ಸಂಬಳ ವರ್ಷಕ್ಕೆ ಐವತ್ತು ಸಾವಿರ ಪೌಂಡ್. ನೂರೈದರಿಂದ ಗುಣಿಸಿ ನೋಡಿ, ಐವತ್ತೆರಡೂವರೆ ಲಕ್ಷ! ತಿಂಗಳಿಗೆ ನಾಲ್ಕು ಲಕ್ಷದ ಮೇಲೆ. ನನಗೆ ಅಂಗಡಿಯಿಂದ ಉಳಿಯುವುದು ಮೂವತ್ತೈದು ಸಾವಿರ. ಅಮ್ಮನಿಗೆ ಎರಡೂವರೆ ಲಕ್ಷ ಅವನಿಗೆ ಹೆಚ್ಚೇ?" ಎಂದ. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಅವನಿಗೆ ಗಣಿತ ಕಲಿಸಿದ ನನ್ನ ಸಹೋದ್ಯೋಗಿ ಮೆಚ್ಚಬೇಕಾದ ಗುಣಾಕಾರವೇ.

ಆ ರಾತ್ರಿ ಅಣ್ಣನಿಗೆ ಫೋನು ಮಾಡಿ, ನಾಚಿಕೆ ಬಿಟ್ಟು ತಿಂಗಳ ಲೆಕ್ಕ ಹೇಳು ಎಂದೆ. ತೆರಿಗೆ, ವಿಮೆಯ ವಂತಿಗೆ ಕಳೆದು ಕೈಗೆ ಬರುವುದು 3,290 ಪೌಂಡ್. ಬಾಡಿಗೆ 1,700. ನಗರಸಭೆಯ ತೆರಿಗೆ 170. ಗ್ಯಾಸು, ವಿದ್ಯುತ್ತು, ನೀರು 180. ಓಡಾಟ 180. ಫೋನು, ಇಂಟರ್‌ನೆಟ್ಟು 50. ದಿನಸಿ 450. ಮಗುವಿನ ಖರ್ಚು 250. ಹೆಂಡತಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಉಳಿಯುವುದು 310 ಪೌಂಡ್. "ಗ್ಯಾಸಿನ ಬಿಲ್ಲಿಗೆ ಹೆದರಿ ಸಂಜೆ ಎರಡು ಗಂಟೆ ಮಾತ್ರ ಹೀಟರ್ ಹಾಕುತ್ತೇವೆ ಮೇಷ್ಟ್ರೇ, ಇದನ್ನು ಅಮ್ಮನಿಗೆ ಹೇಳಬೇಡಿ" ಎಂದು ಕೊನೆಗೆ ಸೇರಿಸಿದ.

ಮರುದಿನ ತಮ್ಮನ ಎದುರಿಗೆ ಒಂದು ಹಾಳೆ ಇಟ್ಟು, ಅಣ್ಣನ ಒಪ್ಪಿಗೆ ಪಡೆದೇ, ಈ ಲೆಕ್ಕ ಬರೆದೆ. ಅಣ್ಣ ಲಂಡನ್ನಿನಲ್ಲಿ ಖರ್ಚು ಮಾಡುವ ಪೌಂಡು ಲಂಡನ್ನಿನ ಪೌಂಡೇ. ಅದನ್ನು ನೂರೈದರಿಂದ ಗುಣಿಸಿದರೆ ಅರ್ಥವಿಲ್ಲ. ಆ ಬಾಡಿಗೆಗೆ ಸಾಗರದಲ್ಲಿ ಬಂಗಲೆಯೇ ಸಿಕ್ಕೀತು, ಆದರೆ ಅವನು ಮಲಗುವುದು ಅಲ್ಲಿ. ಅವನು ಉಳಿಸಿ ಇಲ್ಲಿಗೆ ಕಳುಹಿಸುವ ಪೌಂಡನ್ನು ಮಾತ್ರ ಗುಣಿಸಬೇಕು. 310 ಪೌಂಡ್ ಎಂದರೆ 32,550 ರೂಪಾಯಿ. ಸಂಬಳವನ್ನಲ್ಲ, ಉಳಿತಾಯವನ್ನು ಗುಣಿಸು ಎಂದೆ.

ಇಷ್ಟಕ್ಕೆ ಅಣ್ಣನೇ ಸರಿಯೆಂದು ಆಗಲಿಲ್ಲ. ಸ್ವಂತ ಮನೆಯಿದ್ದರೂ ತಮ್ಮನ ಸಂಸಾರಕ್ಕೆ ತಿಂಗಳಿಗೆ ಇಪ್ಪತ್ತೇಳು ಸಾವಿರ ಬೇಕು. ಉಳಿಯುವುದು ಎಂಟು ಸಾವಿರ. ಸಂಬಳವನ್ನು ಸಂಪಾದನೆಯೊಡನೆ ಹೋಲಿಸಿದರೆ ಅಣ್ಣ ಹನ್ನೆರಡು ಪಟ್ಟು ಸಿರಿವಂತ. ಉಳಿತಾಯವನ್ನು ಹೋಲಿಸಿದರೆ ನಾಲ್ಕು ಪಟ್ಟು. ಆದ್ದರಿಂದ ಎರಡೂವರೆ ಲಕ್ಷದಲ್ಲಿ ಅಣ್ಣನದು ಎರಡು ಲಕ್ಷ, ತಮ್ಮನದು ಐವತ್ತು ಸಾವಿರ. ಆಗಲೇ ಕಳುಹಿಸಿದ ಐವತ್ತು ಸಾವಿರ ಕಳೆದು ಅಣ್ಣ ಒಂದೂವರೆ ಲಕ್ಷವನ್ನು ಆರು ಕಂತುಗಳಲ್ಲಿ ಕೊಡುವುದು. ಇದು ನನ್ನ ಸಲಹೆ.

ಅಣ್ಣನಿಗೆ ಫೋನಿನಲ್ಲಿ ಹೇಳಿದಾಗ ಅವನು ತುಸು ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ತಮ್ಮ ಹದಿನೆಂಟು ದಿನ ಅಂಗಡಿ ಮುಚ್ಚಿದ್ದ. ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿ ಮಲಗಿದ್ದ. ಅದು ನಿಮ್ಮ ಹಾಳೆಯಲ್ಲಿ ಎಲ್ಲಿದೆ?" ಎಂದ. ನಿಜ. ಹದಿನೆಂಟು ದಿನದ ವ್ಯಾಪಾರಕ್ಕೆ ಇಪ್ಪತ್ತೊಂದು ಸಾವಿರವೆಂದು ಬರೆಯಬಹುದು. ತಾಯಿಯನ್ನು ಎತ್ತಿ ಕೂರಿಸಿದ ಕೈಗಳಿಗೆ ಏನೆಂದು ಬರೆಯುವುದು? ಮರ್ಸರ್ ಚೀಲದ ಇನ್ನೂರು ವಸ್ತುಗಳಲ್ಲಿ ಅದಕ್ಕೆ ಜಾಗವಿಲ್ಲ. ಅಣ್ಣ ತಾನಾಗಿಯೇ ಏಳನೆಯ ಕಂತೊಂದನ್ನು ಸೇರಿಸಿದ.

ಇಬ್ಬರ ಮನಸ್ಸೂ ಪೂರ್ಣ ತಿಳಿಯಾಯಿತೆಂದು ನಾನು ಹೇಳಲಾರೆ. ತಿಂಗಳುಗಟ್ಟಲೆ ಕದಡಿದ ನೀರು ಒಂದು ಹಾಳೆಯಿಂದ ತಿಳಿಯಾಗದು. ಆದರೆ ಮುಂದಿನ ವಾರ ಆ ತಾಯಿ ನಮ್ಮ ಮನೆಗೆ ಹೇಳಿಕಳುಹಿಸಿದ ಸುದ್ದಿ ಇದು: ತಮ್ಮ ತಾನಾಗಿ ಲಂಡನ್ನಿಗೆ ಫೋನು ಮಾಡಿ, "ಮಗುವಿಗೆ ಚಳಿಯಾದೀತು, ಹೀಟರ್ ಹಾಕ್ಕೋ ಅಣ್ಣ. ಕಂತು ಒಂದು ತಿಂಗಳು ತಡವಾದರೂ ಆದೀತು" ಎಂದನಂತೆ. ಹೀಟರಿನ ಸಂಗತಿಯನ್ನು ನಾನು ತಾಯಿಗೆ ಹೇಳಿರಲಿಲ್ಲ. ತಮ್ಮನಿಗೆ ಹೇಳಬಾರದೆಂದು ಅಣ್ಣ ಕೇಳಿಕೊಂಡಿರಲಿಲ್ಲ.

ಮಿತ್ರರೇ, ಇಂದು ಮಲೆನಾಡಿನ ಮನೆಮನೆಯಲ್ಲಿಯೂ ದೂರದ ಊರಿನ ಸಂಬಳವನ್ನು ಗುಣಿಸುವ ಒಬ್ಬರಿದ್ದಾರೆ. ದೂರದ ಬೆಟ್ಟ ನುಣ್ಣಗೆ ಕಾಣುವುದು ಸಹಜ. ನಿಮ್ಮ ಮಕ್ಕಳೋ ಒಡಹುಟ್ಟಿದವರೋ ಪರದೇಶದಲ್ಲಿದ್ದರೆ, ಬೆಂಗಳೂರಿನಲ್ಲಿದ್ದರೂ ಸರಿಯೆ, ಸಂಬಳವೆಷ್ಟು ಎಂದು ಕೇಳುವ ಬದಲು ತಿಂಗಳ ಕೊನೆಗೆ ಏನು ಉಳಿಯುತ್ತದೆ ಎಂದು ಒಮ್ಮೆ ಕೇಳಿ. ದೂರದಲ್ಲಿರುವ ಮಕ್ಕಳಿಗೂ ಒಂದು ಮಾತು: ಅಲ್ಲಿ ನಿಮಗೆ ಅಲ್ಪವೆನಿಸುವ ಉಳಿತಾಯ ಇಲ್ಲಿ ಒಂದು ಸಂಸಾರದ ತಿಂಗಳ ದುಡಿಮೆಗೆ ಸಮನಾಗಿರಬಹುದು. ಕಷ್ಟವನ್ನು ಮುಚ್ಚಿಡಬೇಡಿ, ಲೆಕ್ಕವನ್ನು ಬಿಚ್ಚಿಡಿ. ಏನಂತೀರಿ?